ಮಣಿಕರ್ಣಿಕಾ ಘಾಟ್‌ನಲ್ಲಿ ಅಂತ್ಯಕ್ರಿಯೆ, ದಾಖಲೆ ಎಲ್ಲಿ? ಒಬ್ಬರ ಹೆಸರು ಎರಡು ಸಲ ಸೇರದಂತೆ ತಡೆಯುವ ಜಾವಾಸ್ಕ್ರಿಪ್ಟ್ ‘ಅಪ್‌ಸರ್ಟ್’ ಬಗ್ಗೆ ಇಲ್ಲಿದೆ ಪೂರ್ಣ ಮಾಹಿತಿ

ದಾಖಲೆ ಇದ್ದರೆ ತಿದ್ದು, ಇಲ್ಲದಿದ್ದರೆ ಸೇರಿಸು. ಡೇಟಾಬೇಸ್ ಭಾಷೆಯಲ್ಲಿ ಈ ಕೆಲಸಕ್ಕೆ ‘ಅಪ್‌ಸರ್ಟ್’ ಎನ್ನುತ್ತಾರೆ. ಅಪ್‌ಡೇಟ್ ಮತ್ತು ಇನ್ಸರ್ಟ್ ಎಂಬ ಎರಡು ಪದ ಸೇರಿ ಆದ ಹೆಸರಿದು. ಜಾವಾಸ್ಕ್ರಿಪ್ಟ್‌ನಲ್ಲಿ ಒಂದೇ ಸಾಲಿನಲ್ಲಿ ಮುಗಿಯುವ ಈ ಕೆಲಸ ತಪ್ಪಿದರೆ ಒಬ್ಬ ವ್ಯಕ್ತಿಗೆ ಎರಡು ದಾಖಲೆ ಹುಟ್ಟಬಹುದು, ಇಬ್ಬರು ವ್ಯಕ್ತಿಗಳು ಒಂದೇ ದಾಖಲೆಯಲ್ಲಿ ಬೆರೆತುಹೋಗಬಹುದು. ಆ ದಾಖಲೆ ಮರಣಕ್ಕೆ ಸಂಬಂಧಿಸಿದ್ದಾದರೆ ಪಿಂಚಣಿ, ವಿಮೆ, ಬ್ಯಾಂಕ್ ಖಾತೆ, ಜಮೀನಿನ ಖಾತೆ ಬದಲಾವಣೆ ಎಲ್ಲವೂ ಅಲ್ಲಿಗೇ ನಿಲ್ಲುತ್ತವೆ. ಕಾಶಿಯ ಉದಾಹರಣೆಯೊಂದಿಗೆ ಅಪ್‌ಸರ್ಟ್ ಹೇಗೆ ಕೆಲಸ ಮಾಡುತ್ತದೆ, ಎಲ್ಲಿ ಎಡವುತ್ತದೆ ಎಂಬುದನ್ನು ನೋಡೋಣ.

ಕಾಶಿ ಯಾತ್ರೆ ಮತ್ತು ಕಾಗದಪತ್ರ

ವಾರಾಣಸಿಯ ಮಣಿಕರ್ಣಿಕಾ ಘಾಟ್‌ನಲ್ಲಿ ಹಗಲು ರಾತ್ರಿ ಎನ್ನದೆ ಚಿತೆಗಳು ಉರಿಯುತ್ತವೆ. ನಗರದ ಇನ್ನೊಂದು ಪ್ರಮುಖ ದಹನ ಸ್ಥಳ ಹರಿಶ್ಚಂದ್ರ ಘಾಟ್. ಅದರ ಪಕ್ಕದಲ್ಲೇ ಕರ್ನಾಟಕ ಘಾಟ್ ಇದೆ. ಜಂಗಮವಾಡಿ ಮಠವೂ ಕನ್ನಡಿಗರಿಗೆ ಚಿರಪರಿಚಿತ. ಕರ್ನಾಟಕದಿಂದ ಪ್ರತಿವರ್ಷ ಕಾಶಿಗೆ ಹೋಗುವವರಲ್ಲಿ ಹಿರಿಯರ ಸಂಖ್ಯೆಯೇ ದೊಡ್ಡದು. 2022ರ ನವೆಂಬರ್‌ನಲ್ಲಿ ಬೆಂಗಳೂರಿನಿಂದ ಭಾರತ್ ಗೌರವ್ ಕಾಶಿ ದರ್ಶನ ರೈಲು ಆರಂಭವಾಯಿತು. ಯಾತ್ರಿಕರಿಗೆ ರಾಜ್ಯ ಸರ್ಕಾರ ಸಹಾಯಧನವನ್ನೂ ನೀಡುತ್ತದೆ.

ಹೀಗೆ ಹೋದ ಹಿರಿಯರೊಬ್ಬರು ಅಲ್ಲಿಯೇ ತೀರಿಕೊಂಡರೆ? ಕಾಶಿಯಲ್ಲಿ ಮರಣ ಎಂದರೆ ಪುಣ್ಯ ಎಂದು ಮನೆಯವರು ಸಮಾಧಾನ ಮಾಡಿಕೊಂಡು ಅಲ್ಲಿಯೇ ಅಂತ್ಯಕ್ರಿಯೆ ಮುಗಿಸುವುದುಂಟು. ಊರಿಗೆ ಮರಳಿ, ವೈಕುಂಠ ಸಮಾರಾಧನೆ ಮುಗಿದ ಮೇಲೆ ಕಾಗದಪತ್ರದ ಪ್ರಶ್ನೆ ಏಳುತ್ತದೆ. ಮರಣ ಪ್ರಮಾಣಪತ್ರ ಎಲ್ಲಿ ಸಿಗುತ್ತದೆ? ಊರಿನ ಕಚೇರಿಯಲ್ಲಿ ಬರೆಸಬಹುದೇ?

ಕಾನೂನಿನ ಉತ್ತರ ಸ್ಪಷ್ಟವಾಗಿದೆ. ಮರಣ ಸಂಭವಿಸಿದ ಸ್ಥಳದ ನೋಂದಣಾಧಿಕಾರಿಯೇ ಅದನ್ನು ನೋಂದಾಯಿಸಬೇಕು. ವ್ಯಕ್ತಿಯ ಸ್ವಂತ ಊರು ಯಾವುದು, ದಹನ ಎಲ್ಲಿ ನಡೆಯಿತು ಎಂಬುದು ಇಲ್ಲಿ ಲೆಕ್ಕಕ್ಕಿಲ್ಲ. ಧಾರವಾಡದವರು ವಾರಾಣಸಿ ನಗರದಲ್ಲಿ ತೀರಿಕೊಂಡರೆ ದಾಖಲೆ ವಾರಾಣಸಿಯಲ್ಲೇ ಆಗಬೇಕು. ಬೇರೆ ಊರಿನಲ್ಲಿ ತೀರಿಕೊಂಡವರನ್ನು ಮಣಿಕರ್ಣಿಕಾಕ್ಕೆ ತಂದು ದಹನ ಮಾಡಿದ್ದರೆ ಆ ಊರಿನಲ್ಲೇ ಆಗಬೇಕು. ಚಲಿಸುವ ವಾಹನದಲ್ಲಿ ಮರಣವಾದರೆ, ವಾಹನದ ಹೊಣೆ ಹೊತ್ತವರು ಮೊದಲು ನಿಲ್ಲುವ ಸ್ಥಳದಲ್ಲಿ ಮಾಹಿತಿ ನೀಡಬೇಕು ಎಂದು ನಿಯಮ ಹೇಳುತ್ತದೆ.

ಮಾಹಿತಿ ಕೊಡುವವರು ಹಲವರು, ದಾಖಲೆ ಒಂದೇ

ಜನನ ಮತ್ತು ಮರಣ ನೋಂದಣಿ ಕಾಯ್ದೆ 1969ರದ್ದು. ಇದರ ತಿದ್ದುಪಡಿ 2023ರ ಅಕ್ಟೋಬರ್ 1ರಿಂದ ಜಾರಿಗೆ ಬಂದಿದೆ. ಜನನ, ಮರಣಗಳಿಗೆ ರಾಷ್ಟ್ರಮಟ್ಟದ ಡೇಟಾಬೇಸ್ ನಿರ್ವಹಿಸಲು ಈ ತಿದ್ದುಪಡಿ ಅವಕಾಶ ನೀಡಿದೆ.

ಕಾಯ್ದೆಯ 8ನೇ ಸೆಕ್ಷನ್ ಪ್ರಕಾರ ಮನೆಯಲ್ಲಿ ಮರಣವಾದರೆ ಕುಟುಂಬದ ಮುಖ್ಯಸ್ಥರು, ಆಸ್ಪತ್ರೆಯಲ್ಲಾದರೆ ಅಲ್ಲಿನ ವೈದ್ಯಾಧಿಕಾರಿ, ಧರ್ಮಶಾಲೆ ಅಥವಾ ವಸತಿಗೃಹದಲ್ಲಾದರೆ ಅದರ ಉಸ್ತುವಾರಿ ನೋಡಿಕೊಳ್ಳುವವರು ಮಾಹಿತಿ ಕೊಡಬೇಕು. 10ನೇ ಸೆಕ್ಷನ್ ಶವಸಂಸ್ಕಾರದ ಸ್ಥಳ ನೋಡಿಕೊಳ್ಳುವವರ ಮೇಲೂ ಮಾಹಿತಿ ನೀಡುವ ಹೊಣೆ ಹೊರಿಸುತ್ತದೆ.

ಅಂದರೆ ಒಂದು ಮರಣದ ಸುದ್ದಿ ಎರಡು ಮೂರು ಕಡೆಯಿಂದ ಕಚೇರಿಗೆ ಬರಬಹುದು. ಬರಲಿ ಎಂಬುದೇ ಕಾನೂನಿನ ಉದ್ದೇಶ. ಯಾರೂ ತಿಳಿಸದೆ ದಾಖಲೆಯೇ ತಪ್ಪಿಹೋಗುವುದಕ್ಕಿಂತ ಇದು ಒಳ್ಳೆಯದು. ಆದರೆ ಮಾಹಿತಿ ಎಷ್ಟು ಕಡೆಯಿಂದ ಬಂದರೂ ದಾಖಲೆ ಒಂದೇ ಇರಬೇಕು. ಮೊದಲ ಮಾಹಿತಿ ಬಂದಾಗ ಹೊಸ ಪುಟ ತೆರೆಯಬೇಕು. ಎರಡನೆಯದು ಬಂದಾಗ ಅದೇ ಪುಟ ಹುಡುಕಿ ಖಾಲಿ ಉಳಿದ ಜಾಗ ತುಂಬಬೇಕು. ಅಪ್‌ಸರ್ಟ್ ಮಾಡುವುದೂ ಇದನ್ನೇ.

ಈ ಕೆಲಸ ಹೊಸದೇನಲ್ಲ. ಹರಿದ್ವಾರ, ಗಯಾ ಮುಂತಾದ ಕ್ಷೇತ್ರಗಳ ಪಂಡರು ತಮ್ಮ ವಂಶಾವಳಿ ಪುಸ್ತಕಗಳಲ್ಲಿ ತಲೆಮಾರುಗಳಿಂದ ಇದನ್ನು ಮಾಡಿಕೊಂಡು ಬಂದಿದ್ದಾರೆ. ಬಂದವರ ಊರು, ಮನೆತನ ಕೇಳುತ್ತಾರೆ. ಆ ಕುಟುಂಬದ ಪುಟ ಸಿಕ್ಕರೆ ಹೊಸ ಹೆಸರು ಸೇರಿಸುತ್ತಾರೆ, ಸಿಗದಿದ್ದರೆ ಹೊಸ ಪುಟ ತೆರೆಯುತ್ತಾರೆ. ಊರು ಮತ್ತು ಮನೆತನವೇ ಅವರ ಹುಡುಕಾಟದ ಕೀಲಿ.

ಡಾಕ್ಯುಮೆಂಟ್ ಡೇಟಾಬೇಸ್ ಎಂದರೇನು?

ಎಕ್ಸೆಲ್ ಹಾಳೆಯಂತೆ ಅಡ್ಡಸಾಲು, ಉದ್ದಸಾಲುಗಳಲ್ಲಿ ಮಾಹಿತಿ ಇಡುವುದು ಹಳೆಯ ಪದ್ಧತಿ. ಡಾಕ್ಯುಮೆಂಟ್ ಡೇಟಾಬೇಸ್‌ನಲ್ಲಿ ಪ್ರತಿ ದಾಖಲೆಯೂ ಒಂದು ಸ್ವತಂತ್ರ ಕಡತ. ಒಂದರಲ್ಲಿ ಹತ್ತು ವಿವರಗಳಿರಬಹುದು, ಇನ್ನೊಂದರಲ್ಲಿ ಮೂರೇ ಇರಬಹುದು. 2009ರಲ್ಲಿ ಬಿಡುಗಡೆಯಾದ ಮೊಂಗೋಡಿಬಿ ಈ ವರ್ಗದಲ್ಲಿ ಹೆಸರುವಾಸಿ. ಕೌಚ್‌ಡಿಬಿ, ಗೂಗಲ್‌ನ ಫೈರ್‌ಸ್ಟೋರ್ ಕೂಡ ಇದೇ ಗುಂಪಿಗೆ ಸೇರುತ್ತವೆ. ಮೊಂಗೋಡಿಬಿಯಲ್ಲಿ ಒಂದು ಡಾಕ್ಯುಮೆಂಟ್ ಗರಿಷ್ಠ 16 ಎಂಬಿ ಇರಬಹುದು.

ಯಾತ್ರಾ ತಂಡವೊಂದು ತನ್ನ ಯಾತ್ರಿಕರಿಗಾಗಿ ಒಂದು ಪುಟ್ಟ ಆ್ಯಪ್ ಮಾಡಿಕೊಂಡಿದೆ ಎಂದುಕೊಳ್ಳಿ. (ಇದು ಉದಾಹರಣೆ ಮಾತ್ರ. ಸರ್ಕಾರಿ ನೋಂದಣಿ ಪೋರ್ಟಲ್‌ನ ಒಳಗಿನ ವ್ಯವಸ್ಥೆಯ ವಿವರಣೆಯಲ್ಲ.) ಟಿಕೆಟ್ ಬುಕ್ ಮಾಡುವಾಗಲೇ ಪ್ರತಿ ಯಾತ್ರಿಕರಿಗೂ ಒಂದು ಯಾತ್ರಾ ಸಂಖ್ಯೆ ಕೊಟ್ಟು, ಕೊರಳಿಗೆ ಹಾಕುವ ಗುರುತಿನ ಚೀಟಿಯಲ್ಲಿ ಮುದ್ರಿಸಲಾಗಿದೆ. ಒಬ್ಬ ಯಾತ್ರಿಕರು ತೀರಿಕೊಂಡಾಗ ಆ್ಯಪ್‌ನಲ್ಲಿ ಸೇರುವ ಡಾಕ್ಯುಮೆಂಟ್ ಹೀಗಿರುತ್ತದೆ:

{
  ಯಾತ್ರಾ_ಸಂಖ್ಯೆ: "ಕಾಶಿ-0147",
  ಊರು: "ಧಾರವಾಡ",
  ಮರಣದ_ದಿನ: "2025-01-01",
  ಮರಣದ_ಸ್ಥಳ: "ಆಸ್ಪತ್ರೆ, ವಾರಾಣಸಿ",
  ದಹನ_ಸ್ಥಳ: "ಮಣಿಕರ್ಣಿಕಾ ಘಾಟ್"
}

ಅಂದಹಾಗೆ, ಜಾವಾಸ್ಕ್ರಿಪ್ಟ್‌ನಲ್ಲಿ ವಿವರಗಳ ಹೆಸರನ್ನು ಹೀಗೆ ಕನ್ನಡದಲ್ಲೇ ಬರೆಯಬಹುದು. ಭಾಷೆಯ ನಿಯಮ ಯೂನಿಕೋಡ್ ಅಕ್ಷರಗಳಿಗೆ ಅವಕಾಶ ನೀಡುತ್ತದೆ. ಮೊಂಗೋಡಿಬಿಯೂ ಇದನ್ನು ಒಪ್ಪುತ್ತದೆ.

ಮರಣ ನೋಂದಣಿ ಸಂಖ್ಯೆ ಈ ಡಾಕ್ಯುಮೆಂಟ್‌ನಲ್ಲಿ ಇನ್ನೂ ಇಲ್ಲ. ಅದು ಕೆಲವು ದಿನಗಳ ನಂತರ ಬರುತ್ತದೆ. ಬಂದಾಗ ಇದೇ ಡಾಕ್ಯುಮೆಂಟ್‌ಗೆ ಸೇರಬೇಕು.

ಅಪ್‌ಸರ್ಟ್‌ನ ಮೂರು ಭಾಗಗಳು

ಮೊಂಗೋಡಿಬಿಯಲ್ಲಿ ಹೊಸ ಡಾಕ್ಯುಮೆಂಟ್ ಸೇರಿಸಲು ‘ಇನ್ಸರ್ಟ್‌ಒನ್’, ಇದ್ದದ್ದನ್ನು ತಿದ್ದಲು ‘ಅಪ್‌ಡೇಟ್‌ಒನ್’ ಎಂಬ ಆದೇಶಗಳಿವೆ. ಅಪ್‌ಸರ್ಟ್‌ಗೆ ಬೇರೆ ಆದೇಶ ಬೇಕಿಲ್ಲ. ಅಪ್‌ಡೇಟ್‌ಒನ್ ಆದೇಶಕ್ಕೇ ಮೂರು ಮಾಹಿತಿ ಕೊಟ್ಟರೆ ಸಾಕು.

• ಮೊದಲನೆಯದು ಫಿಲ್ಟರ್. ಯಾವ ಡಾಕ್ಯುಮೆಂಟ್ ಹುಡುಕಬೇಕು? ಇಲ್ಲಿ, ಯಾತ್ರಾ ಸಂಖ್ಯೆ ‘ಕಾಶಿ-0147’ ಇರುವುದು.

• ಎರಡನೆಯದು ಬದಲಾವಣೆ. ಏನನ್ನು ಬರೆಯಬೇಕು? ಇಲ್ಲಿ, ದಹನ ಸ್ಥಳ ‘ಮಣಿಕರ್ಣಿಕಾ ಘಾಟ್’ ಎಂದು.

• ಮೂರನೆಯದು ಆಯ್ಕೆ. ಸಿಗದಿದ್ದರೆ ಏನು ಮಾಡಬೇಕು? ‘ಅಪ್‌ಸರ್ಟ್: ಟ್ರೂ’ ಎಂದು ಬರೆದರೆ ಹೊಸದಾಗಿ ಸೇರಿಸುತ್ತದೆ. ಬರೆಯದಿದ್ದರೆ ಏನೂ ಮಾಡದೆ ಸುಮ್ಮನಾಗುತ್ತದೆ.

ಹೊಸ ಡಾಕ್ಯುಮೆಂಟ್ ಸೇರಿಸಬೇಕಾಗಿ ಬಂದಾಗ, ಫಿಲ್ಟರ್‌ನಲ್ಲಿ ‘ಇದಕ್ಕೆ ಸಮ’ ಎಂದು ಕೊಟ್ಟ ವಿವರವೂ ಅದರೊಳಗೆ ಸೇರುತ್ತದೆ. ಹಾಗಾಗಿ ಯಾತ್ರಾ ಸಂಖ್ಯೆಯನ್ನು ಎರಡು ಕಡೆ ಬರೆಯಬೇಕಿಲ್ಲ.

ಈ ಮೂರರಲ್ಲಿ ಪ್ರೋಗ್ರಾಮರ್‌ಗಳು ಹೆಚ್ಚು ಸಮಯ ಕೊಡುವುದು ಎರಡನೆಯದಕ್ಕೆ. ಆದರೆ ಹೆಚ್ಚು ಯೋಚಿಸಬೇಕಾದದ್ದು ಮೊದಲನೆಯದರ ಬಗ್ಗೆ.

‘ಇದು ಅದೇ ವ್ಯಕ್ತಿ’ ಎಂದು ಗುರುತಿಸುವುದು ಹೇಗೆ?

ಫಿಲ್ಟರ್‌ಗೆ ಮೊಬೈಲ್ ನಂಬರ್ ಬಳಸಿದರೆ ಹೇಗೆ? ನಮ್ಮಲ್ಲಿ ಮನೆಮಂದಿಗೆಲ್ಲ ಒಂದೇ ನಂಬರ್ ಇರುವುದು ಸಾಮಾನ್ಯ. ಯಾತ್ರಾ ತಂಡಗಳಲ್ಲಂತೂ ಇಪ್ಪತ್ತು ಜನರ ಅರ್ಜಿಗೂ ತಂಡದ ಮುಖಂಡರ ನಂಬರನ್ನೇ ಹಾಕಿರುತ್ತಾರೆ. ಅಂಥ ಕಡೆ ಮೊಬೈಲ್ ನಂಬರ್ ಹಿಡಿದು ಅಪ್‌ಸರ್ಟ್ ಮಾಡಿದರೆ ಇಪ್ಪತ್ತು ಜನರೂ ಒಂದೇ ಡಾಕ್ಯುಮೆಂಟ್ ಆಗುತ್ತಾರೆ. ಪ್ರತಿಯೊಬ್ಬರ ವಿವರ ಹಿಂದಿನವರ ವಿವರವನ್ನು ಅಳಿಸಿಹಾಕುತ್ತದೆ. ಕೊನೆಗೆ ಉಳಿಯುವುದು ಇಪ್ಪತ್ತನೆಯವರ ಹೆಸರು ಮಾತ್ರ. ಪ್ರೋಗ್ರಾಂ ಎಲ್ಲಿಯೂ ದೋಷ ತೋರಿಸುವುದಿಲ್ಲ.

ಹೆಸರು ಬಳಸಿದರೆ ಇದರ ಉಲ್ಟಾ ಆಗುತ್ತದೆ. ಒಂದೇ ಹೆಸರನ್ನು ಹತ್ತು ಬಗೆಯಲ್ಲಿ ಬರೆಯುವುದರಿಂದ ಒಬ್ಬರೇ ಹಲವರಾಗುತ್ತಾರೆ. ಆಧಾರ್ ಸಂಖ್ಯೆ ಒಬ್ಬರಿಗೆ ಒಂದೇ ಇರುತ್ತದೆ, ನಿಜ. ಆದರೆ ಅದನ್ನು ಸಂಗ್ರಹಿಸಿಡಲು ಕಾನೂನಿನ ಕಟ್ಟುಪಾಡುಗಳಿವೆ. ಖಾಸಗಿ ಆ್ಯಪ್ ಒಂದು ಅದನ್ನು ಕೀಲಿಯಾಗಿ ಬಳಸುವುದು ಸರಿಯಲ್ಲ.

ಹೀಗಾಗಿ ವ್ಯವಸ್ಥೆಯೇ ಕೊಟ್ಟ, ಒಬ್ಬರಿಗೆ ಒಂದೇ ಇರುವ, ಬದಲಾಗದ ಸಂಖ್ಯೆ ಅತ್ಯುತ್ತಮ ಕೀಲಿ. ನಮ್ಮ ಉದಾಹರಣೆಯಲ್ಲಿ ಅದು ಯಾತ್ರಾ ಸಂಖ್ಯೆ. ಆಸ್ಪತ್ರೆಯಲ್ಲಿರುವ ತಂಡದ ಮುಖಂಡರು, ಘಾಟ್‌ನಲ್ಲಿರುವ ಕಾರ್ಯಕರ್ತರು, ಬೆಂಗಳೂರಿನ ಕಚೇರಿಯವರು ಬೇರೆಬೇರೆಯಾಗಿ ಮಾಹಿತಿ ಹಾಕಿದರೂ ಕೊರಳ ಚೀಟಿಯ ಸಂಖ್ಯೆ ಒಂದೇ ಆದ್ದರಿಂದ ಎಲ್ಲವೂ ಒಂದೇ ಕಡತಕ್ಕೆ ಸೇರುತ್ತದೆ.

ಇಲ್ಲಿ ಇನ್ನೆರಡು ಎಚ್ಚರಿಕೆಗಳಿವೆ. ಮೊದಲನೆಯದು, ಸಂಖ್ಯೆ ಮತ್ತು ಪಠ್ಯದ ವ್ಯತ್ಯಾಸ. ವೆಬ್ ಫಾರಂನಲ್ಲಿ ತುಂಬಿದ್ದೆಲ್ಲ ಜಾವಾಸ್ಕ್ರಿಪ್ಟ್‌ಗೆ ಪಠ್ಯವಾಗಿ ಬರುತ್ತದೆ. ಪಠ್ಯರೂಪದ "147" ಮತ್ತು ಅಂಕಿರೂಪದ 147 ಮೊಂಗೋಡಿಬಿಗೆ ಬೇರೆಬೇರೆ. ಒಂದು ಕಡೆ ಹೀಗೆ, ಇನ್ನೊಂದು ಕಡೆ ಹಾಗೆ ಇದ್ದರೆ ಹುಡುಕಿದಾಗ ಸಿಗುವುದಿಲ್ಲ. ಸಿಗದಿದ್ದರೆ ಅಪ್‌ಸರ್ಟ್ ಹೊಸದನ್ನು ಸೇರಿಸಿಬಿಡುತ್ತದೆ.

ಎರಡನೆಯದು ಇನ್ನೂ ಅಪಾಯಕಾರಿ. ಯಾತ್ರಾ ಸಂಖ್ಯೆ ತುಂಬದೆ ಫಾರಂ ಕಳುಹಿಸಿದರೆ ಜಾವಾಸ್ಕ್ರಿಪ್ಟ್‌ನಲ್ಲಿ ಅದರ ಬೆಲೆ ‘ಅನ್‌ಡಿಫೈನ್ಡ್’ ಆಗಿರಬಹುದು. ಮೊಂಗೋಡಿಬಿಯ ನೋಡ್ ಡ್ರೈವರ್ ಸಾಮಾನ್ಯವಾಗಿ ಇದನ್ನು ‘ನಲ್’, ಅಂದರೆ ಖಾಲಿ ಎಂದು ಬದಲಿಸಿ ಕಳುಹಿಸುತ್ತದೆ. ‘ನಲ್’ ಎಂದು ಹುಡುಕಿದರೆ ಆ ವಿವರವೇ ಇಲ್ಲದ ಡಾಕ್ಯುಮೆಂಟ್‌ಗಳೂ ಹೊಂದಿಕೆಯಾಗುತ್ತವೆ. ಪರಿಣಾಮ, ಯಾರದೋ ಮರಣದ ವಿವರ ಇನ್ಯಾರದೋ ದಾಖಲೆಗೆ ಅಂಟಿಕೊಳ್ಳುತ್ತದೆ. ಕೀಲಿ ಖಾಲಿ ಇದ್ದರೆ ಅಪ್‌ಸರ್ಟ್ ನಡೆಯಲೇಬಾರದು. ಆದೇಶ ಕೊಡುವ ಮೊದಲೇ ಪರೀಕ್ಷಿಸಿ ತಡೆಯಬೇಕು.

ಕನ್ನಡದ ಹೆಸರಿಗೆ ಕಂಪ್ಯೂಟರ್‌ನಲ್ಲಿ ಹಲವು ರೂಪ

ಕಣ್ಣಿಗೆ ಒಂದೇ ರೀತಿ ಕಾಣುವ ಎರಡು ಕನ್ನಡ ಪದಗಳು ಕಂಪ್ಯೂಟರ್‌ಗೆ ಬೇರೆಯಾಗಿರಬಹುದು. ‘ಗೋಪಾಲ’ ಎಂಬ ಹೆಸರನ್ನೇ ನೋಡಿ. ಇದರ ಓತ್ವದ ಚಿಹ್ನೆಗೆ ಯೂನಿಕೋಡ್‌ನಲ್ಲಿ ಒಂದೇ ಸಂಕೇತವಿದೆ. ಅದನ್ನೇ ಎತ್ವ, ಊತ್ವ, ದೀರ್ಘ ಎಂದು ಬಿಡಿಬಿಡಿಯಾಗಿ ಮೂರು ಸಂಕೇತಗಳಲ್ಲೂ ಬರೆಯಬಹುದು. ಎರಡನ್ನೂ ನೇರವಾಗಿ ಹೋಲಿಸಿದರೆ ಜಾವಾಸ್ಕ್ರಿಪ್ಟ್ ‘ಬೇರೆ’ ಎನ್ನುತ್ತದೆ. ಇದಕ್ಕೆ ‘ನಾರ್ಮಲೈಜ್’ ಎಂಬ ಸಿದ್ಧ ವ್ಯವಸ್ಥೆ ಭಾಷೆಯಲ್ಲೇ ಇದೆ. ಉಳಿಸುವ ಮೊದಲು, ಹುಡುಕುವ ಮೊದಲು ಎರಡೂ ಸಲ ಅದನ್ನು ಬಳಸಿದರೆ ಇಂಥ ವ್ಯತ್ಯಾಸ ಅಳಿಯುತ್ತದೆ.

ಆದರೆ ಎಲ್ಲ ವ್ಯತ್ಯಾಸವೂ ಇದರಿಂದ ಹೋಗುವುದಿಲ್ಲ. ‘ರಾಜ್‌ಕುಮಾರ್’ ಎಂದು ಅರ್ಧಾಕ್ಷರ ಒಡೆದು ಬರೆಯಲು ನಡುವೆ ಕಣ್ಣಿಗೆ ಕಾಣದ ಒಂದು ಸಂಕೇತ ಹಾಕುತ್ತೇವೆ. ಅದು ಇಲ್ಲದಿದ್ದರೆ ಒತ್ತಕ್ಷರವಾಗಿ ‘ರಾಜ್ಕುಮಾರ್’ ಎಂದಾಗುತ್ತದೆ. ‘ರಾಘವೇಂದ್ರ ರಾವ್’, ‘ರಾಘವೇಂದ್ರರಾವ್’ ನಡುವೆ ಇರುವುದು ಒಂದು ಖಾಲಿ ಜಾಗ. ನಾರ್ಮಲೈಜ್ ಮಾಡಿದರೂ ಇವು ಒಂದಾಗುವುದಿಲ್ಲ.

ಕಾಶಿಯಲ್ಲಿ ಸಮಸ್ಯೆ ಇನ್ನೂ ಒಂದು ಹೆಜ್ಜೆ ಮುಂದೆ ಹೋಗುತ್ತದೆ. ಅಲ್ಲಿ ಹೆಸರು ಬರೆದುಕೊಳ್ಳುವುದು ಹಿಂದಿಯಲ್ಲಿ. ಆಧಾರ್‌ನಲ್ಲಿರುವುದು ಇಂಗ್ಲಿಷ್ ಮತ್ತು ಕನ್ನಡದಲ್ಲಿ. ನಮ್ಮಲ್ಲಿ ಹೆಸರಿನ ಮುಂದೆ ಊರಿನದೋ ತಂದೆಯದೋ ಇನಿಶಿಯಲ್ ಇರುತ್ತದೆ. ಉತ್ತರ ಭಾರತದ ಫಾರಂ ಅಡ್ಡಹೆಸರು ಕೇಳುತ್ತದೆ. ಪ್ರಮಾಣಪತ್ರದ ಹೆಸರು ಬ್ಯಾಂಕ್ ಪಾಸ್‌ಬುಕ್‌ನ ಹೆಸರಿಗೆ ಹೊಂದದೆ ಅರ್ಜಿ ವಾಪಸ್ ಬರುವುದು ಇಂಥ ಕಾರಣಗಳಿಂದಲೇ. ಹಾಗಾಗಿ ಹೆಸರು ದಾಖಲೆಯ ಒಂದು ವಿವರವಾಗಿರಲಿ, ದಾಖಲೆಯನ್ನು ಹುಡುಕುವ ಏಕೈಕ ಕೀಲಿಯಾಗುವುದು ಬೇಡ.

ತಿದ್ದುವಾಗ ಇದ್ದದ್ದು ಅಳಿಯದಿರಲಿ

ಎರಡನೇ ಭಾಗವಾದ ಬದಲಾವಣೆಯಲ್ಲಿ ಹಲವು ಬಗೆಗಳಿವೆ. ಇವೆಲ್ಲವೂ ಡಾಲರ್ ಚಿಹ್ನೆಯಿಂದ ಶುರುವಾಗುವ ಪದಗಳು.

‘ಸೆಟ್’ ಎಂದರೆ ಹೇಳಿದ ವಿವರವನ್ನಷ್ಟೇ ಬರೆದು ಉಳಿದದ್ದನ್ನು ಮುಟ್ಟುವುದಿಲ್ಲ. ‘ಸೆಟ್‌ಆನ್‌ಇನ್ಸರ್ಟ್’ ಎಂದರೆ ಹೊಸ ಡಾಕ್ಯುಮೆಂಟ್ ಹುಟ್ಟಿದಾಗ ಮಾತ್ರ ಬರೆಯುತ್ತದೆ, ತಿದ್ದುವಾಗ ಸುಮ್ಮನಿರುತ್ತದೆ. ‘ಮೊದಲು ಮಾಹಿತಿ ಕೊಟ್ಟವರು ಯಾರು’, ‘ಕಡತ ತೆರೆದ ಸಮಯ ಯಾವುದು’ ಎಂಬ ವಿವರಗಳಿಗೆ ಇದೇ ಸರಿ. ಇವನ್ನು ‘ಸೆಟ್’ನಲ್ಲಿ ಹಾಕಿದರೆ ಪ್ರತಿ ತಿದ್ದುಪಡಿಯಲ್ಲೂ ಮೊದಲ ಮಾಹಿತಿದಾರರ ಹೆಸರು ಅಳಿದು ಹೊಸಬರ ಹೆಸರು ಕೂರುತ್ತದೆ.

‘ರಿಪ್ಲೇಸ್‌ಒನ್’ ಎಂಬ ಇನ್ನೊಂದು ಆದೇಶವೂ ಇದೆ. ಇದರಲ್ಲೂ ಅಪ್‌ಸರ್ಟ್ ಮಾಡಬಹುದು. ಆದರೆ ಇದು ಡಾಕ್ಯುಮೆಂಟ್‌ನ ಆಂತರಿಕ ಗುರುತಿನ ಸಂಖ್ಯೆ ಬಿಟ್ಟು ಉಳಿದೆಲ್ಲವನ್ನೂ ಬದಲಿಸಿಬಿಡುತ್ತದೆ. ಆಸ್ಪತ್ರೆಯವರು ತುಂಬಿದ್ದ ಮರಣದ ಸ್ಥಳ, ದಿನಾಂಕ ಇದ್ದ ಕಡತಕ್ಕೆ ಘಾಟ್‌ನವರು ದಹನ ಸ್ಥಳವೊಂದನ್ನೇ ಈ ಆದೇಶದಲ್ಲಿ ಕಳುಹಿಸಿದರೆ, ಕೊನೆಗೆ ಉಳಿಯುವುದು ಅದೊಂದೇ. ಫೈರ್‌ಸ್ಟೋರ್‌ನಲ್ಲೂ ಇದೇ ಎಚ್ಚರ ಬೇಕು. ಅಲ್ಲಿನ ‘ಸೆಟ್’ ಆದೇಶ ಪೂರ್ತಿ ಬದಲಿಸುವಂಥದ್ದು. ‘ಮರ್ಜ್: ಟ್ರೂ’ ಎಂದು ಸೇರಿಸಿದರೆ ಮಾತ್ರ ಹಳೆಯ ವಿವರ ಉಳಿಯುತ್ತದೆ.

ಖಾಲಿ ಬಿಟ್ಟ ಜಾಗಗಳದ್ದೂ ಇದೇ ಕಥೆ. ಫಾರಂನಲ್ಲಿ ತುಂಬದ ವಿವರವನ್ನು ಹಾಗೆಯೇ ‘ಸೆಟ್’ಗೆ ಕೊಟ್ಟರೆ ಮೊದಲೇ ಇದ್ದ ಸರಿಯಾದ ಮಾಹಿತಿಯ ಮೇಲೆ ಖಾಲಿ ಬರೆದಂತಾಗುತ್ತದೆ. ತುಂಬಿದ ವಿವರಗಳನ್ನಷ್ಟೇ ಆರಿಸಿ ಕಳುಹಿಸಬೇಕು.

ಇಬ್ಬರು ಒಂದೇ ಕ್ಷಣದಲ್ಲಿ ಒತ್ತಿದರೆ?

ಆಸ್ಪತ್ರೆಯಲ್ಲಿದ್ದವರು ಮತ್ತು ಘಾಟ್‌ನಲ್ಲಿದ್ದವರು ಒಂದೇ ಕ್ಷಣದಲ್ಲಿ ಮಾಹಿತಿ ಕಳುಹಿಸಿದರು ಎಂದುಕೊಳ್ಳಿ. ಎರಡೂ ಆದೇಶಗಳು ಹುಡುಕುತ್ತವೆ. ಎರಡಕ್ಕೂ ಏನೂ ಸಿಗುವುದಿಲ್ಲ. ಎರಡೂ ಹೊಸ ಡಾಕ್ಯುಮೆಂಟ್ ಸೇರಿಸುತ್ತವೆ. ಅಪ್‌ಸರ್ಟ್ ಬಳಸಿಯೂ ಒಬ್ಬರಿಗೆ ಎರಡು ದಾಖಲೆ.

ಇದನ್ನು ತಡೆಯುವುದು ‘ಯೂನಿಕ್ ಇಂಡೆಕ್ಸ್’. ಯಾತ್ರಾ ಸಂಖ್ಯೆಯ ಮೇಲೆ ಇದನ್ನು ಹಾಕಿದರೆ ಅದೇ ಸಂಖ್ಯೆಯ ಎರಡನೇ ಡಾಕ್ಯುಮೆಂಟ್ ಅನ್ನು ಡೇಟಾಬೇಸ್ ಒಳಗೇ ಬಿಡುವುದಿಲ್ಲ. ತಡವಾಗಿ ಬಂದ ಆದೇಶಕ್ಕೆ 11000 ಎಂಬ ಸಂಕೇತದ ದೋಷ ಬರಬಹುದು. ಬಂದರೆ ಗಾಬರಿ ಬೇಡ. ಅದೇ ಆದೇಶವನ್ನು ಇನ್ನೊಮ್ಮೆ ಕಳುಹಿಸಿದರೆ ಈ ಸಲ ಡಾಕ್ಯುಮೆಂಟ್ ಸಿಗುತ್ತದೆ, ತಿದ್ದುಪಡಿ ಆಗುತ್ತದೆ.

ಮೊದಲು ಹುಡುಕಿ, ಇಲ್ಲವೆಂದು ಖಚಿತಪಡಿಸಿಕೊಂಡು, ನಂತರ ಸೇರಿಸುವ ಎರಡು ಹಂತದ ಕೋಡ್ ಅನ್ನು ಹೊಸಬರು ಹೆಚ್ಚಾಗಿ ಬರೆಯುತ್ತಾರೆ. ಆ ಎರಡು ಹಂತಗಳ ನಡುವೆ ಇನ್ನೊಬ್ಬರು ನುಗ್ಗಲು ಸಮಯ ಇರುತ್ತದೆ. ಅಪ್‌ಸರ್ಟ್ ಮತ್ತು ಯೂನಿಕ್ ಇಂಡೆಕ್ಸ್ ಜೊತೆಯಾಗಿ ಇದ್ದರೇ ಸುರಕ್ಷಿತ.

ನಡುರಾತ್ರಿಯ ಮರಣ, ತಪ್ಪು ದಿನಾಂಕ

2025ರ ಜನವರಿ 1ರ ನಸುಕಿನ 2 ಗಂಟೆಗೆ ಮರಣ ಸಂಭವಿಸಿತು ಎಂದುಕೊಳ್ಳಿ. ಇದನ್ನು ಜಾವಾಸ್ಕ್ರಿಪ್ಟ್‌ನ ‘ಡೇಟ್’ ರೂಪದಲ್ಲಿ ಉಳಿಸಿದರೆ ಡೇಟಾಬೇಸ್‌ನಲ್ಲಿ ಕೂರುವುದು ಅಂತಾರಾಷ್ಟ್ರೀಯ ಪ್ರಮಾಣ ಸಮಯ. ಅದು ಭಾರತಕ್ಕಿಂತ ಐದೂವರೆ ಗಂಟೆ ಹಿಂದೆ. ಅಂದರೆ 2024ರ ಡಿಸೆಂಬರ್ 31ರ ರಾತ್ರಿ 8.30. ಓದುವಾಗ ಭಾರತೀಯ ಸಮಯಕ್ಕೆ ಮರಳಿ ತರದಿದ್ದರೆ ದಿನ, ತಿಂಗಳು, ವರ್ಷ ಮೂರೂ ತಪ್ಪುತ್ತವೆ. ವಿಮೆ, ಪಿಂಚಣಿಯಲ್ಲಿ ಒಂದು ದಿನದ ವ್ಯತ್ಯಾಸವೂ ದೊಡ್ಡದೇ.

ಮರಣದ ದಿನ ಎಂಬುದು ಕ್ಯಾಲೆಂಡರ್‌ನ ದಿನ. ಅದನ್ನು "2025-01-01" ಎಂದು ಪಠ್ಯವಾಗಿ ಉಳಿಸುವುದು ಒಳ್ಳೆಯದು. ಕಡತ ತೆರೆದ ಕ್ಷಣ, ತಿದ್ದಿದ ಕ್ಷಣ ಮುಂತಾದವಕ್ಕೆ ‘ಡೇಟ್’ ಬಳಸಿ. ಇನ್ನೊಂದು ಮಾತು, ಜಾವಾಸ್ಕ್ರಿಪ್ಟ್‌ನಲ್ಲಿ ತಿಂಗಳ ಎಣಿಕೆ ಸೊನ್ನೆಯಿಂದ ಶುರು. ಜನವರಿಗೆ 0, ಡಿಸೆಂಬರ್‌ಗೆ 11.

ನೆಟ್‌ವರ್ಕ್ ಇಲ್ಲದಿದ್ದರೆ

ಮಾಹಿತಿ ತುಂಬುವಾಗ ನೆಟ್‌ವರ್ಕ್ ಕೈಕೊಡಬಹುದು. ಆಗ ಫೋನ್‌ನಲ್ಲೇ ಉಳಿಸಿ ನಂತರ ಕಳುಹಿಸಬೇಕು. ಬ್ರೌಸರ್‌ನಲ್ಲೇ ಇರುವ ‘ಇಂಡೆಕ್ಸ್ಡ್‌ಡಿಬಿ’ ಇದಕ್ಕೆ ನೆರವಾಗುತ್ತದೆ. ಇದರಲ್ಲಿ ‘ಆ್ಯಡ್’ ಎಂದರೆ ಬರೀ ಸೇರಿಸುವುದು. ಅದೇ ಕೀಲಿಯ ದಾಖಲೆ ಮೊದಲೇ ಇದ್ದರೆ ದೋಷ ತೋರಿಸುತ್ತದೆ. ‘ಪುಟ್’ ಎಂದರೆ ಅಪ್‌ಸರ್ಟ್. ಆದರೆ ಹಳೆಯದನ್ನು ಪೂರ್ತಿ ಬದಲಿಸುತ್ತದೆ.

ಕೌಚ್‌ಡಿಬಿ ಮತ್ತು ಅದರ ಜಾವಾಸ್ಕ್ರಿಪ್ಟ್ ರೂಪದಂತಿರುವ ಪೌಚ್‌ಡಿಬಿ ಬೇರೆ ದಾರಿ ಹಿಡಿದಿವೆ. ಇಲ್ಲಿ ಪ್ರತಿ ಡಾಕ್ಯುಮೆಂಟ್‌ಗೂ ಆವೃತ್ತಿ ಸಂಖ್ಯೆ ಇರುತ್ತದೆ. ನೀವು ಓದಿದ ಆವೃತ್ತಿಯನ್ನು ಹೇಳಿಯೇ ತಿದ್ದಬೇಕು. ಅಷ್ಟರಲ್ಲಿ ಬೇರೆಯವರು ತಿದ್ದಿದ್ದರೆ 409 ಎಂಬ ದೋಷ ಬರುತ್ತದೆ. ಕಿರಿಕಿರಿ ಎನಿಸಿದರೂ, ಒಬ್ಬರ ಬರಹವನ್ನು ಇನ್ನೊಬ್ಬರು ತಿಳಿಯದೆ ಅಳಿಸುವುದನ್ನು ಇದು ತಡೆಯುತ್ತದೆ.

ತಪ್ಪು ತಿದ್ದುಪಡಿ ಬದುಕಿದ್ದವರನ್ನೇ ‘ಸಾಯಿಸಿದಾಗ’

ಒಂದು ವಿವರ ತಪ್ಪಾಗಿ ಬದಲಾದರೆ ಏನಾಗುತ್ತದೆ ಎಂಬುದಕ್ಕೆ ವಾರಾಣಸಿಗೆ ಸಮೀಪದ ಆಜಂಗಢ ಜಿಲ್ಲೆಯ ಲಾಲ್ ಬಿಹಾರಿ ಅವರ ಬದುಕೇ ಸಾಕ್ಷಿ. ಪೂರ್ವಜರ ಜಮೀನಿಗಾಗಿ ಸಂಬಂಧಿಕರು 1970ರ ದಶಕದಲ್ಲಿ ಕಂದಾಯ ದಾಖಲೆಯಲ್ಲಿ ಅವರನ್ನು ‘ಮೃತ’ ಎಂದು ಬರೆಸಿದರು. ತಾನು ಬದುಕಿದ್ದೇನೆ ಎಂದು ಸಾಬೀತು ಮಾಡಲು ಅವರು 1994ರವರೆಗೆ ಹೋರಾಡಬೇಕಾಯಿತು. ಹೆಸರಿನ ಜೊತೆ ‘ಮೃತಕ್’ ಎಂದು ಸೇರಿಸಿಕೊಂಡರು. ತಮ್ಮಂತೆಯೇ ಕಾಗದದಲ್ಲಿ ಸತ್ತವರಿಗಾಗಿ ‘ಮೃತಕ್ ಸಂಘ’ ಕಟ್ಟಿದರು. 2003ರಲ್ಲಿ ಇಗ್ ನೊಬೆಲ್ ಶಾಂತಿ ಪ್ರಶಸ್ತಿ ಅವರಿಗೆ ಬಂತು. ಪಂಕಜ್ ತ್ರಿಪಾಠಿ ಅಭಿನಯದ, 2021ರಲ್ಲಿ ತೆರೆಕಂಡ ‘ಕಾಗಜ್’ ಸಿನಿಮಾ ಇದೇ ಕಥೆಯನ್ನು ಆಧರಿಸಿದೆ.

ತಪ್ಪು ಬರೆಯಲು ಒಂದು ಕ್ಷಣ ಸಾಕು, ಅದನ್ನು ತೆಗೆಸಲು ವರ್ಷಗಳು ಬೇಕು. ಆದ್ದರಿಂದಲೇ ನೋಂದಣಿ ಕಾಯ್ದೆಯ 15ನೇ ಸೆಕ್ಷನ್ ತಿದ್ದುಪಡಿಗೆ ಒಂದು ಸೊಗಸಾದ ಕ್ರಮ ಹಾಕಿಕೊಟ್ಟಿದೆ. ನೋಂದಣಾಧಿಕಾರಿ ಮೂಲ ಬರಹವನ್ನು ಅಳಿಸುವಂತಿಲ್ಲ. ಪುಟದ ಅಂಚಿನಲ್ಲಿ ತಿದ್ದುಪಡಿ ಬರೆದು, ಸಹಿ ಮಾಡಿ, ದಿನಾಂಕ ಹಾಕಬೇಕು. ಮೊದಲು ಏನಿತ್ತು, ಯಾರು, ಯಾವಾಗ ಬದಲಿಸಿದರು ಎಂಬುದೆಲ್ಲ ಪುಟದಲ್ಲೇ ಉಳಿಯುತ್ತದೆ.

ಡಾಕ್ಯುಮೆಂಟ್ ಡೇಟಾಬೇಸ್‌ನಲ್ಲೂ ಇದನ್ನು ಪಾಲಿಸಬಹುದು. ಪ್ರತಿ ಡಾಕ್ಯುಮೆಂಟ್‌ನಲ್ಲಿ ‘ತಿದ್ದುಪಡಿಗಳು’ ಎಂಬ ಪಟ್ಟಿ ಇಡಿ. ಹೊಸ ಬೆಲೆಯನ್ನು ‘ಸೆಟ್’ ಮಾಡುವ ಆದೇಶದಲ್ಲೇ ‘ಪುಶ್’ ಬಳಸಿ ಹಳೆಯ ಬೆಲೆ, ತಿದ್ದಿದವರ ಹೆಸರು, ಸಮಯವನ್ನು ಆ ಪಟ್ಟಿಗೆ ಸೇರಿಸಿ. ಒಂದೇ ಡಾಕ್ಯುಮೆಂಟ್ ಮೇಲಿನ ಬದಲಾವಣೆಗಳು ಮೊಂಗೋಡಿಬಿಯಲ್ಲಿ ಒಟ್ಟಿಗೆ ಆಗುತ್ತವೆ, ಇಲ್ಲವೇ ಆಗುವುದೇ ಇಲ್ಲ. ತಿದ್ದುಪಡಿ ಆಗಿ, ಅಂಚಿನ ಟಿಪ್ಪಣಿ ಬಿಟ್ಟುಹೋಗುವ ಪ್ರಸಂಗ ಬರುವುದಿಲ್ಲ.

ಪ್ರೋಗ್ರಾಮರ್‌ಗಳು ಗಮನಿಸಬೇಕಾದ ಅಂಶಗಳು

• ಬದಲಾಗದ, ಒಬ್ಬರಿಗೆ ಒಂದೇ ಇರುವ ಕೀಲಿ ಆರಿಸಿ. ಅದರ ಮೇಲೆ ಯೂನಿಕ್ ಇಂಡೆಕ್ಸ್ ಹಾಕಿ.

• ಕೀಲಿ ಖಾಲಿ ಇದ್ದರೆ ಆದೇಶವನ್ನೇ ಕಳುಹಿಸಬೇಡಿ.

• ಕನ್ನಡ ಪಠ್ಯವನ್ನು ಉಳಿಸುವ ಮೊದಲು ನಾರ್ಮಲೈಜ್ ಮಾಡಿ.

• ಒಮ್ಮೆ ಮಾತ್ರ ಬರೆಯಬೇಕಾದದ್ದನ್ನು ‘ಸೆಟ್‌ಆನ್‌ಇನ್ಸರ್ಟ್’ನಲ್ಲಿ ಇಡಿ.

• ಆದೇಶ ಮುಗಿದ ಮೇಲೆ ಬರುವ ಉತ್ತರವನ್ನು ಓದಿ. ಎಷ್ಟು ಸಿಕ್ಕವು, ಎಷ್ಟು ಬದಲಾದವು, ಹೊಸದು ಸೇರಿತೇ ಎಂಬ ಮೂರೂ ಅದರಲ್ಲಿರುತ್ತವೆ. ತಿದ್ದುಪಡಿ ಎಂದುಕೊಂಡ ಕಡೆ ಹೊಸದು ಸೇರಿದ್ದರೆ ಕೀಲಿ ತಪ್ಪಿರಬಹುದು.

ಕುಟುಂಬದವರು ಗಮನಿಸಬೇಕಾದ ಅಂಶಗಳು

• ದಹನ ಸ್ಥಳದಲ್ಲಿ ಸಿಗುವ ರಸೀದಿ ಮರಣ ಪ್ರಮಾಣಪತ್ರವಲ್ಲ. ಆದರೂ ಅದನ್ನು ಜೋಪಾನವಾಗಿಡಿ.

• ಮರಣದ ಮಾಹಿತಿಯನ್ನು 21 ದಿನಗಳೊಳಗೆ ಅಲ್ಲಿನ ನೋಂದಣಾಧಿಕಾರಿಗೆ ನೀಡಬೇಕು. ನಂತರ 30 ದಿನಗಳವರೆಗೆ ವಿಳಂಬ ಶುಲ್ಕ ಕಟ್ಟಬೇಕು.

• 30 ದಿನ ದಾಟಿ ಒಂದು ವರ್ಷದೊಳಗಾದರೆ ಜಿಲ್ಲಾ ನೋಂದಣಾಧಿಕಾರಿ ಅಥವಾ ನಿಗದಿತ ಅಧಿಕಾರಿಯ ಲಿಖಿತ ಅನುಮತಿ ಬೇಕು. ಒಂದು ವರ್ಷ ದಾಟಿದರೆ ಜಿಲ್ಲಾ ಮ್ಯಾಜಿಸ್ಟ್ರೇಟ್, ಉಪವಿಭಾಗೀಯ ಮ್ಯಾಜಿಸ್ಟ್ರೇಟ್ ಅಥವಾ ಅಧಿಕಾರ ಪಡೆದ ಕಾರ್ಯನಿರ್ವಾಹಕ ಮ್ಯಾಜಿಸ್ಟ್ರೇಟ್ ಆದೇಶ ಬೇಕು.

• ಹೆಸರನ್ನು ಆಧಾರ್‌ನಲ್ಲಿರುವಂತೆಯೇ ಬರೆಸಿ. ಇನಿಶಿಯಲ್, ಅಡ್ಡಹೆಸರು ಎರಡನ್ನೂ ಅಲ್ಲಿಯೇ ಪರಿಶೀಲಿಸಿ. ಊರಿಗೆ ಬಂದ ಮೇಲೆ ತಿದ್ದಿಸಲು ಮತ್ತೆ ಅದೇ ಕಚೇರಿಯನ್ನೇ ಸಂಪರ್ಕಿಸಬೇಕಾಗುತ್ತದೆ.

• ವಾರಾಣಸಿಯಲ್ಲಿ ನೋಂದಣಿ ತಡವಾಯಿತು ಎಂದು ಸ್ವಂತ ಊರಿನಲ್ಲಿ ಇನ್ನೊಂದು ನೋಂದಣಿಗೆ ಯತ್ನಿಸಬೇಡಿ. ಮರಣದ ಸ್ಥಳ ಎರಡು ಕಡೆ ಎರಡು ಬಗೆಯಲ್ಲಿ ಬರೆಯಲ್ಪಟ್ಟರೆ ಮುಂದೆ ಎರಡೂ ದಾಖಲೆಗಳ ಮೇಲೆ ಅನುಮಾನ ಬರುತ್ತದೆ. ಒಬ್ಬರಿಗೆ ಒಂದೇ ದಾಖಲೆ ಎಂಬ ನಿಯಮ ಡೇಟಾಬೇಸ್‌ಗೂ ಒಂದೇ, ಕಚೇರಿಯ ರಿಜಿಸ್ಟರ್‌ಗೂ ಒಂದೇ.